ಸಣ್ಣಕಥೆಯ ಆಶಯ: ಗುರುತಿಸುವ ಹಾಗೂ ನಿರೂಪಿಸುವ ಕ್ರಮ

ಸಣ್ಣಕಥೆಗಳನ್ನು ಕುರಿತ ನಮ್ಮ ಸಂಶೋಧನ ಪ್ರಬಂಧಗಳಲ್ಲಿ ‘ವಸ್ತು’ ಮತ್ತು ‘ಆಶಯ’ ಎಂಬ ಮಾತುಗಳು ಒಂದರ ಬದಲು ಇನ್ನೊಂದಾಗಿ ಬಳಕೆಯಾಗುವುದುಂಟು. ಜಾನಪದ ಅಧ್ಯಯನದಲ್ಲಿ ‘ಆಶಯ’ವು ಕಥೆಯಿಂದ ಕಥೆಗೆ ಸಂಚರಿಸುವ ಕಿರಿಯ ಘಟಕವನ್ನು ಸೂಚಿಸುವ ಪಾರಿಭಾಷಿಕ ಪದವಾಗಿ ನೆಲೆಗೊಂಡಿರುವುದರಿಂದ ತೊಡಕು ಇನ್ನಷ್ಟು ಹೆಚ್ಚಿದೆ. ಪ್ರಸ್ತುತ ಲೇಖನದಲ್ಲಿ ಕಥೆ ಯಾವುದನ್ನು ಕುರಿತಿದೆಯೋ ಅದನ್ನು ವಸ್ತುವೆಂದೂ, ಆ ವಸ್ತುವಿನ ಮೂಲಕ ಕಥೆ ಎತ್ತುವ ಪ್ರಶ್ನೆಯನ್ನು ಅಥವಾ ತಳೆಯುವ ನಿಲುವನ್ನು ಆಶಯವೆಂದೂ ಗ್ರಹಿಸಲಾಗಿದೆ. ವಸ್ತುವನ್ನು ಒಂದೇ ಪದದಲ್ಲಿ ಹೇಳಿಬಿಡಬಹುದು. ಆಶಯಕ್ಕೆ ಕನಿಷ್ಠ ಒಂದು ಪೂರ್ಣ ವಾಕ್ಯವಾದರೂ ಬೇಕು.

‘ಆನಂದ’ರ (ಅಜ್ಜಂಪುರ ಸೀತಾರಾಂ, 1902–1963) ‘ನಾನು ಕೊಂದ ಹುಡುಗಿ’ ಈ ಭೇದವನ್ನು ಪರೀಕ್ಷಿಸಲು ತಕ್ಕ ಕಥೆ. ಪ್ರಾಚೀನ ಶಿಲ್ಪಗಳನ್ನು ಅರಸಿ ಹಳ್ಳಿಗೆ ಬಂದ ವಿದ್ಯಾವಂತನೊಬ್ಬನಿಗೆ ಊರಿನ ಮನೆಯೊಂದರಲ್ಲಿ ಆತಿಥ್ಯ ದೊರೆಯುತ್ತದೆ. ಹರಕೆಯ ಕಾರಣ ಬಸವಿಯಾಗಿ ಬಿಡಲ್ಪಟ್ಟ ಆ ಮನೆಯ ಮಗಳು, ಅದನ್ನೇ ಧರ್ಮವೆಂದು ನಂಬಿ, ರಾತ್ರಿ ಅವನ ಬಳಿ ಬರುತ್ತಾಳೆ. ಅವನು ಅವಳನ್ನು ಮುಟ್ಟುವುದಿಲ್ಲ. ಇದು ಪಾಪವೆಂದು ತಿಳಿಯಹೇಳುತ್ತಾನೆ. ಅವಳಿಗೆ ಅದು ಅರ್ಥವೂ ಆಗುತ್ತದೆ. ಅವಳು ಬಾವಿಗೆ ಬಿದ್ದು ಪ್ರಾಣ ಬಿಡುತ್ತಾಳೆ.

ಈ ಕಥೆಯ ಆಶಯ ‘ಮೂಢನಂಬಿಕೆಯ ಖಂಡನೆ’ ಎಂದು ಬರೆದು ಮುಂದೆ ಸಾಗುವವರು ಶೀರ್ಷಿಕೆಯನ್ನೇ ಓದಿಲ್ಲವೆನ್ನಬೇಕಾಗುತ್ತದೆ. ಅಲ್ಲಿ ಕೊಂದದ್ದು ಪದ್ಧತಿಯಲ್ಲ, ‘ನಾನು’. ಪದ್ಧತಿಯೊಳಗೆ ಬದುಕಿದ್ದವಳು ಅರಿವು ಬಂದ ಮೇಲೆ ಸತ್ತಳು. ಆ ಅರಿವನ್ನು ಕೊಟ್ಟವನು ಅದರೊಡನೆ ಬದುಕುವ ದಾರಿಯೊಂದನ್ನೂ ಕೊಡಲಿಲ್ಲ. ಇನ್ನೊಬ್ಬರ ನಂಬಿಕೆಯನ್ನು ಕಳಚುವ ಸುಧಾರಕನಿಗೆ ಅದರ ಪರಿಣಾಮದ ಹೊಣೆ ಎಷ್ಟರಮಟ್ಟಿನದು ಎಂಬುದು ಈ ಕಥೆಯ ಪ್ರಶ್ನೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಅಧಿನಿಯಮ 1982ರದು. ಕಥೆಯ ಆಶಯ ಪದ್ಧತಿಯ ಖಂಡನೆಯಷ್ಟೇ ಆಗಿದ್ದರೆ ಅದು ಇಂದು ಸಾಮಾಜಿಕ ಇತಿಹಾಸದ ದಾಖಲೆಯಾಗಿ ಉಳಿಯಬೇಕಿತ್ತು. ಹಾಗಾಗದೆ ಅದು ಇಂದಿಗೂ ಓದುಗನ ನೆಮ್ಮದಿಯನ್ನು ಕೆಡಿಸುತ್ತದೆ.

ಶೀರ್ಷಿಕೆ, ನಿರೂಪಕನ ಸ್ಥಾನ, ಮುಕ್ತಾಯ: ಆಶಯದ ಶೋಧ ಇವುಗಳಿಂದ ಆರಂಭವಾಗುವುದು ಲೇಸು. ಆದರೆ ನಿರೂಪಕರು ಬಾಯಿಬಿಟ್ಟು ಹೇಳಿದ್ದೆಲ್ಲವೂ ಆಶಯವಾಗದು. ಮಾಸ್ತಿಯವರ ‘ಮೊಸರಿನ ಮಂಗಮ್ಮ’ದಲ್ಲಿ ಮೊಸರು ಕೊಳ್ಳುವ ಮನೆಯ ಗೃಹಿಣಿಯೇ ನಿರೂಪಕಿ. ಮಗನ ಮೇಲಿನ ಹಿಡಿತಕ್ಕಾಗಿ ಅತ್ತೆ ಸೊಸೆಯರು ನಡೆಸುವ ಸೆಣಸಾಟವೆಂದು ಆಕೆ ಕೊನೆಗೆ ತಾನೇ ವ್ಯಾಖ್ಯಾನಿಸುತ್ತಾಳೆ. ಮನೆಯಿಂದ ಬೇರೆಯಾದ ಮಂಗಮ್ಮ ಮಖಮಲ್ಲಿನ ರವಿಕೆ ತೊಟ್ಟದ್ದು ಈ ವ್ಯಾಖ್ಯಾನದಲ್ಲಿ ಪೂರ್ತಿ ಅಡಗುವುದಿಲ್ಲ. ಯಾರಿಗಾಗಿ ಕೂಡಿಡಬೇಕೆಂಬ ನಿರಾಶೆಯೂ ತನಗಾಗಿ ಬದುಕುವ ತಡವಾದ ಆಸೆಯೂ ಆ ಒಂದು ರವಿಕೆಯಲ್ಲಿ ಸೇರಿವೆ. ನನ್ನ ಮಟ್ಟಿಗೆ ಕಥೆಯ ಜೀವ ಇರುವುದು ಅಲ್ಲಿ.

ಬರವಣಿಗೆಯಲ್ಲಿ ನಮ್ಮವರು ಎಡವುವುದು ಹೆಚ್ಚಾಗಿ ಒಂದೇ ಕಡೆ: ಕಥೆಯ ಸಾರಾಂಶವನ್ನು ಮೂರು ಪುಟ ಬರೆದು ಆಶಯವನ್ನು ಕೊನೆಯ ಸಾಲಿಗೆ ಮೀಸಲಿಡುವುದು. ಆಶಯವಾಕ್ಯ ಮೊದಲು ಬರಲಿ. ಘಟನೆಗಳು ಅದರ ಆಧಾರವಾಗಿ, ಬೇಕಾದಷ್ಟೇ ಬರಲಿ. ಇದಕ್ಕಿಂತ ಮುಖ್ಯವಾದದ್ದು, ತನ್ನ ವಾಕ್ಯಕ್ಕೆ ಒಗ್ಗದ ವಿವರವನ್ನು ಲೇಖಕನೇ ಹುಡುಕಿ ಮುಂದಿಡುವುದು. ಆನಂದರ ಕಥೆಯಲ್ಲಿ ಶೋಷಣೆಯನ್ನು ಮಾತ್ರ ಕಾಣುವವರು, ಆ ಹುಡುಗಿಯ ತಂದೆತಾಯಿಗಳು ದುಷ್ಟರಲ್ಲ, ಹರಕೆಗೆ ಕಟ್ಟುಬಿದ್ದ ಸಾಮಾನ್ಯರು ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ. ಸುಧಾರಕನ ಹೊಣೆಯನ್ನು ಮಾತ್ರ ಕಾಣುವವರೂ, ಅವನು ಸುಮ್ಮನಿದ್ದಿದ್ದರೆ ಅವಳಿಗೆ ಉಳಿಯುತ್ತಿದ್ದ ಬಾಳು ಎಂಥದು ಎಂಬುದನ್ನು ಎದುರಿಸಲೇಬೇಕು.