ಕಾರಿನ ಗಾಜು ಬಿರುಕು ಬಿಟ್ಟರೆ ಹೊಣೆ ಯಾರದು?



ಔರಾದಿನ ಒಂದು ಕುಟುಂಬ ಹೈದರಾಬಾದಿನಲ್ಲಿ ಹೊಸ ಕಾರು ಕೊಂಡಿತೆಂದು ಭಾವಿಸಿ. ನಾಲ್ಕೇ ತಿಂಗಳಲ್ಲಿ ಮುಂದಿನ ಗಾಜಿನಲ್ಲಿ ಬಿರುಕು ಕಾಣಿಸಿತು. “ಕಲ್ಲು ಬಡಿದಿರಬೇಕು, ಇದು ವಾರಂಟಿಗೆ ಬರುವುದಿಲ್ಲ” ಎಂದು ಮಾರಾಟಗಾರರು ಹೇಳಿದರು. ಆ ಮಾತನ್ನು ಒಪ್ಪಿಕೊಂಡು ಸುಮ್ಮನಿರಬೇಕೆ?

ಮೊದಲು ಗಾಜಿನ ವಿಷಯ ತಿಳಿಯೋಣ. ಕಾರಿನ ಮುಂಭಾಗದ ಗಾಜು ಒಂದಲ್ಲ, ಎರಡು ಹಾಳೆ. ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಪದರವಿರುತ್ತದೆ. ಗಾಜು ಒಡೆದರೂ ಚೂರುಗಳು ಈ ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಕಣ್ಣಿಗೆ ಸಿಡಿಯುವುದು ತಪ್ಪುತ್ತದೆ. ಭಾಲ್ಕಿ ರಸ್ತೆಯಲ್ಲಿ ಜಲ್ಲಿ ಲಾರಿಯಿಂದ ಕಲ್ಲು ಸಿಡಿದರೆ ಹೊರಮೈಯಲ್ಲಿ ಸಣ್ಣ ಗುಳಿ ಬೀಳುತ್ತದೆ, ಬಿರುಕು ಅಲ್ಲಿಂದಲೇ ಹರಡುತ್ತದೆ. ಗುಳಿಯೇ ಇಲ್ಲದೆ ಬಿರುಕು ಅಂಚಿನಿಂದ ಹೊರಟಿದ್ದರೆ ತಯಾರಿಕೆಯ ಅಥವಾ ಜೋಡಣೆಯ ದೋಷವನ್ನು ಶಂಕಿಸಬಹುದು. ಆದರೆ ಬಿಸಿಲಿಗೆ ಕಾದ ಗಾಜು ಥಟ್ಟನೆ ತಣಿದರೂ ಹೀಗಾಗಬಹುದು. ಆದ್ದರಿಂದ ಕಣ್ಣಳತೆ ಸಾಲದು, ಪರೀಕ್ಷೆ ಬೇಕು.

ಇಂಥದೇ ಪ್ರಶ್ನೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಎದ್ದಿತ್ತು. ಗಾಜು ಸಿಡಿಯುವುದಿಲ್ಲವೆಂದು ಫೋರ್ಡ್ ಕಂಪನಿ ತನ್ನ ಪ್ರಚಾರಪತ್ರಗಳಲ್ಲಿ ಹೇಳಿಕೊಂಡಿತ್ತು. 1930ರಲ್ಲಿ ಒಬ್ಬ ಗಿರಾಕಿಯ ಕಾರಿಗೆ ಕಲ್ಲು ಬಡಿದು, ಗಾಜಿನ ಚೂರು ಸಿಡಿದು, ಅವರ ಎಡಗಣ್ಣು ಹೋಯಿತು. ಕಾರನ್ನು ಅವರು ಕೊಂಡದ್ದು ಮಾರಾಟಗಾರರಿಂದ, ಫೋರ್ಡ್‌ನಿಂದ ನೇರವಾಗಿ ಅಲ್ಲ. ಆದರೂ ಗಿರಾಕಿ ತಾನೇ ಪರೀಕ್ಷಿಸಿ ತಿಳಿಯಲಾಗದ ಗುಣವನ್ನು ಕಂಪನಿ ಸಾರಿದರೆ ಆ ಮಾತಿಗೆ ಅದು ಹೊಣೆ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1932ರಲ್ಲಿ ಹೇಳಿತು.

ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಮಿನಲ್ಲೂ ಇದೇ ತತ್ತ್ವವಿದೆ. ಕಂಪನಿ ಕೊಟ್ಟ ಭರವಸೆಯಂತೆ ವಸ್ತು ಇಲ್ಲದೆ ಹಾನಿಯಾದರೆ, “ನಾವು ಅಜಾಗರೂಕರಾಗಿರಲಿಲ್ಲ” ಎಂಬ ಸಮರ್ಥನೆ ನಡೆಯುವುದಿಲ್ಲ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಹುಂಡೈ ಕಂಪನಿಯನ್ನು ಹೊಣೆಯಾಗಿಸಿತು.

ಹಾಗಾದರೆ ದೂರು ಕೊಡಲು ಹೈದರಾಬಾದಿಗೆ ಓಡಾಡಬೇಕೆ? ಬೇಕಿಲ್ಲ. ಹೊಸ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಔರಾದ, ಭಾಲ್ಕಿಯವರಿಗೆ ಬೀದರ ನಗರದ ಜಿಲ್ಲಾ ಗ್ರಾಹಕರ ಆಯೋಗವೇ ಸಾಕು. ವಕೀಲರು ಕಡ್ಡಾಯವಲ್ಲ. ಕಾರಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. 10 ಲಕ್ಷದವರೆಗೆ 200 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ ಅವಧಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ನೋಡಬಹುದು.

ಆದರೆ ಗೆಲುವು ಸೋಲು ಬಹುಮಟ್ಟಿಗೆ ಮೊದಲ ಕೆಲವು ದಿನಗಳಲ್ಲೇ ತೀರ್ಮಾನವಾಗುತ್ತದೆ. ಬಿರುಕು ಎಲ್ಲಿಂದ ಹೊರಟಿದೆ ಎಂಬುದು ಕಾಣುವಂತೆ ಫೋಟೋ ತೆಗೆಯಿರಿ. ಸರ್ವಿಸ್ ಕೇಂದ್ರದ ಜಾಬ್ ಕಾರ್ಡಿನಲ್ಲಿ ನಿಮ್ಮ ದೂರು ದಾಖಲಾಗಲಿ. ಮಾರಾಟಗಾರರಿಗೂ ಕಂಪನಿಗೂ ಲಿಖಿತವಾಗಿ ತಿಳಿಸಿ. ಕಲ್ಲು ಬಡಿಯದಿದ್ದರೂ ವಿಮೆಯ ಅರ್ಜಿಯಲ್ಲಿ “ಕಲ್ಲು ಬಡಿದು” ಎಂದು ಬರೆದುಕೊಟ್ಟರೆ ನಿಮ್ಮ ವಾದ ನಿಮ್ಮ ಸಹಿಯಿಂದಲೇ ಬಿದ್ದುಹೋಗುತ್ತದೆ. ಬಿರುಕು ಬಿಟ್ಟ ಗಾಜಿನಲ್ಲಿ ಓಡಿಸುವುದು ಅಪಾಯ, ಬದಲಿಸಲೇಬೇಕಾಗಬಹುದು. ಆಗ ತೆಗೆದ ಗಾಜನ್ನು ಬಿಟ್ಟು ಬರಬೇಡಿ. ಆಯೋಗ ಪ್ರಯೋಗಾಲಯಕ್ಕೆ ಕಳುಹಿಸಬೇಕಾದ ಸಾಕ್ಷ್ಯ ಅದೇ.

ಮನೆಯಲ್ಲಿ ಕಾರಿದ್ದರೆ ಇಂದೇ ಅದರ ವಾರಂಟಿ ಪುಸ್ತಕ ತೆರೆಯಿರಿ. ಗಾಜಿನ ಬಗ್ಗೆ ಅಲ್ಲಿ ಏನು ಬರೆದಿದೆ ಎಂಬುದನ್ನು ಹಿರಿಯರಿಗೂ ಓದಿ ಹೇಳಿ.