ಪರದೆ ಒಂದು, ತಂತಿ ಹದಿನಾರು

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಆಕ್ಸೆಸರಿ ಅಂಗಡಿಗಳ ಮುಂದೆ ದಿನವೂ ಕಾಣುವ ಕೆಲಸ ಇದು. ಹುಡುಗ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಡ್ಯಾಶ್‌ಬೋರ್ಡಿನ ಸಂದಿಗೆ ತೂರಿಸಿ ಮೆಲ್ಲಗೆ ಮೀಟುತ್ತಾನೆ. ಟಕ್ ಟಕ್ ಎಂದು ಕ್ಲಿಪ್ಪುಗಳು ಬಿಡುತ್ತವೆ, ಫ್ರೇಮು ಕೈಗೆ ಬರುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಕಾರಿನ ಜತೆ ಬಂದ ಸ್ಟೀರಿಯೊ ಮುಂದಕ್ಕೆ ಜಾರುತ್ತದೆ. ಅದರ ಬೆನ್ನಿಗೆ ಬಣ್ಣಬಣ್ಣದ ವೈರುಗಳ ಗೊಂಚಲು. "ಕಪ್ಲರ್ ಇದೆ ಸಾರ್, ಒಂದು ವೈರೂ ಕಟ್ ಮಾಡಲ್ಲ" ಎಂದು ಆತ ಭರವಸೆ ಕೊಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಒಂಬತ್ತಿಂಚಿನ ಟಚ್‌ಸ್ಕ್ರೀನ್ ಅದೇ ಜಾಗದಲ್ಲಿ ಬೆಳಗುತ್ತಿರುತ್ತದೆ. ಕೊಂಡವರ ಕಣ್ಣೆಲ್ಲ ಪರದೆಯ ಮೇಲೆ. ಆದರೆ ಈ ಬದಲಾವಣೆ ಸುಖ ಕೊಡುತ್ತದೋ ತಲೆನೋವು ತರುತ್ತದೋ ಎನ್ನುವುದು ತೀರ್ಮಾನವಾಗುವುದು ಆ ಗೊಂಚಲಿನಲ್ಲಿ.

ಒಂದು ಕಂಪನಿಯ ಕಾರಿನೊಳಗೆ ಇನ್ನೊಂದು ಕಂಪನಿಯ ಸ್ಟೀರಿಯೊ ಸಲೀಸಾಗಿ ಕೂರುವುದೇ, ಯೋಚಿಸಿದರೆ, ಸೋಜಿಗ. ಹೆಡ್‌ಲೈಟು, ಬಂಪರು, ಬಾಗಿಲ ಹಿಡಿ ಯಾವುದೂ ಹಾಗೆ ಅದಲುಬದಲಾಗುವುದಿಲ್ಲ. 1932ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ಯುರೋಪಿನ ಮೊದಲ ಕಾರು ರೇಡಿಯೊ ತಂದಾಗ ಅದರ ತೂಕ ಸುಮಾರು 15 ಕಿಲೊ. ಚಾಲಕನ ಹತ್ತಿರ ಇಡಲು ಜಾಗ ಸಾಲದೆ, ಸ್ಟೀರಿಂಗ್ ಕಂಬಕ್ಕೆ ಬಿಗಿದ ಪುಟ್ಟ ನಿಯಂತ್ರಕದಿಂದ ಅದನ್ನು ನಡೆಸಬೇಕಿತ್ತು. ವಾಲ್ವುಗಳು ಹೋಗಿ ಟ್ರಾನ್ಸಿಸ್ಟರ್ ಬಂದು ರೇಡಿಯೊ ಕುಗ್ಗಿದ ಮೇಲೆ, 1980ರ ದಶಕದಲ್ಲಿ, ಜರ್ಮನಿಯ ಮಾನಕ ಸಂಸ್ಥೆ ಡಿನ್ ಅದರ ಮುಖಕ್ಕೆ ಒಂದು ಅಳತೆ ಗೊತ್ತುಮಾಡಿತು: 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಅದೇ ಮುಂದೆ ಐಎಸ್‌ಒ 7736 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಎತ್ತರ ಎರಡು ಪಟ್ಟಾದರೆ ಅಂಗಡಿಯವರು ಹೇಳುವ ಡಬಲ್ ಡಿನ್. ಈಗಿನ ದೊಡ್ಡ ಪರದೆಗಳು ಈ ಅಳತೆಯನ್ನು ದಾಟಿ ಹೊರಚಾಚಿವೆ; ಹಾಗಾಗಿ ಪ್ರತಿ ಕಾರಿಗೂ ಅದರದೇ ಫ್ರೇಮು ಬೇಕಾಗುತ್ತದೆ.

ಕಿಂಡಿಯ ಅಳತೆ ಹೊಂದಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ವೈರುಗಳನ್ನು ಕೂಡಿಸುವ ಕಪ್ಲರಿನದು. ಅದಕ್ಕೂ ಐಎಸ್‌ಒ 10487 ಎಂಬ ಮಾನಕವಿದೆ: ಎಂಟೆಂಟು ಪಿನ್ನಿನ ಎರಡು ಕಪ್ಲರ್, ಒಂದು ವಿದ್ಯುತ್ತಿಗೆ, ಇನ್ನೊಂದು ನಾಲ್ಕು ಸ್ಪೀಕರಿಗೆ. ಎಷ್ಟೋ ಕಾರು ಕಂಪನಿಗಳು ಇದನ್ನು ಬಿಟ್ಟು ತಂತಮ್ಮ ಆಕಾರದ ಕಪ್ಲರ್ ಮಾಡಿಕೊಂಡಿವೆ. ಆದ್ದರಿಂದ ಒಂದು ತುದಿ ಕಾರಿಗೂ ಇನ್ನೊಂದು ತುದಿ ಹೊಸ ಯುನಿಟ್ಟಿಗೂ ಹೊಂದುವ ಜೋಡಣೆಯ ವೈರು ಬೇಕು. ಅದರ ದುಡ್ಡು ಉಳಿಸಲು ಹೋಗಿ ಮೂಲ ವೈರನ್ನೇ ಕತ್ತರಿಸಿ, ತಿರುಚಿ, ಟೇಪು ಸುತ್ತಿಸಿಕೊಳ್ಳುವವರಿದ್ದಾರೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕಾದು ಟೇಪಿನ ಅಂಟು ಕರಗುತ್ತದೆ, ನಮ್ಮ ರಸ್ತೆಗಳ ಕುಲುಕಾಟಕ್ಕೆ ತಿರುಚಿದ ಗಂಟು ಸಡಿಲವಾಗುತ್ತದೆ. ಕೆಲವು ತಿಂಗಳಾದ ಮೇಲೆ ಎಡಗಡೆಯ ಸ್ಪೀಕರ್ ಮನಸ್ಸು ಬಂದಾಗ ಮಾತ್ರ ಹಾಡತೊಡಗುತ್ತದೆ.

ವಿದ್ಯುತ್ತಿನ ಕಡೆ ಮೂರು ತಂತಿ ಮುಖ್ಯ. ಹೊಸ ಯುನಿಟ್ಟುಗಳಲ್ಲಿ ಕಪ್ಪು ಅರ್ಥಿಂಗ್. ಹಳದಿ ನೇರ ಬ್ಯಾಟರಿಯಿಂದ ಬರುವುದು, ಕೀಲಿ ತೆಗೆದರೂ ಅದರಲ್ಲಿ 12 ವೋಲ್ಟ್ ಇದ್ದೇ ಇರುತ್ತದೆ. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ಜೀವ. ಯುನಿಟ್ಟನ್ನು ಎಬ್ಬಿಸುವುದು ಕೆಂಪು. ನಡೆಸುವುದು, ನೆನಪು ಕಾಯುವುದು ಹಳದಿ. ಕೆಲವು ಕಾರುಗಳಲ್ಲಿ ಇವೆರಡರ ಪಿನ್ನುಗಳೇ ಅದಲುಬದಲಾಗಿರುತ್ತವೆ. ಆಗ ಕೀಲಿ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ನು, ಸದ್ದಿನ ಹೊಂದಾಣಿಕೆ ಮಾಯ.

ಇದಕ್ಕಿಂತ ಕೆಟ್ಟದ್ದು ಎರಡನ್ನೂ ಬ್ಯಾಟರಿಗೇ ಕಟ್ಟುವುದು. ಆಗ ಯುನಿಟ್ಟು ಮಲಗುವುದೇ ಇಲ್ಲ. ನಿಂತ ಕಾರು ಒಟ್ಟಾರೆ 50 ಮಿಲಿ ಆಂಪಿಯರ್ ಒಳಗೆ ಎಳೆದರೆ ಚಿಂತೆಯಿಲ್ಲ ಎನ್ನುವುದು ಆಟೊ ಎಲೆಕ್ಟ್ರಿಷಿಯನ್ನರ ಲೆಕ್ಕ, ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. ಅರೆನಿದ್ದೆಯ ಯುನಿಟ್ಟೊಂದು 300 ಮಿಲಿ ಆಂಪಿಯರ್ ಎಳೆಯುತ್ತಿದೆ ಎನ್ನಿ, ದಿನಕ್ಕೆ 7.2. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಶುಕ್ರವಾರ ರಾತ್ರಿ ನಿಲ್ಲಿಸಿದ ಕಾರು ಸೋಮವಾರ ಬೆಳಿಗ್ಗೆ ಟಿಕ್ ಎಂದು ಸುಮ್ಮನಾದರೆ ಜನ ಬೈಯುವುದು ಬ್ಯಾಟರಿಯನ್ನು.

ಈಗ ಪೆಟ್ಟಿಗೆಯ ಮೇಲಿನ ದಪ್ಪಕ್ಷರಕ್ಕೆ ಬನ್ನಿ. 50 ವ್ಯಾಟ್ × 4, ಒಟ್ಟು 200 ವ್ಯಾಟ್ ಎಂದಿರುತ್ತದೆ. ಯುನಿಟ್ಟನ್ನು ತಿರುಗಿಸಿ ಹಿಂಬದಿಯ ಫ್ಯೂಸ್ ನೋಡಿ. ಹಲವುಗಳಲ್ಲಿ ಅದು 10 ಆಂಪಿಯರಿನದು. ಎಂಜಿನ್ ಓಡುವಾಗ ಕಾರಿನ ವೋಲ್ಟೇಜು ಸುಮಾರು 14.4. ಗುಣಿಸಿದರೆ 144 ವ್ಯಾಟ್. ಒಳಗೆ ಹೋಗುವುದೇ 144 ಆದರೆ ಹೊರಗೆ 200 ಬರುವುದು ಹೇಗೆ?

ಈ ಪ್ರಶ್ನೆಯ ಬೆನ್ನು ಹತ್ತಿದರೆ ಸೊಗಸಾದ ಭೌತಶಾಸ್ತ್ರ ಸಿಗುತ್ತದೆ. ಸ್ಪೀಕರಿನ ಒಂದು ತುದಿಯನ್ನು ಹಿಡಿದಿಟ್ಟು ಇನ್ನೊಂದನ್ನು ಮಾತ್ರ ಆಡಿಸಿದರೆ, 14.4 ವೋಲ್ಟಿನಲ್ಲಿ ಮೇಲಕ್ಕೆ ಅರ್ಧ, ಕೆಳಕ್ಕೆ ಅರ್ಧ, ಅಂದರೆ 7.2 ವೋಲ್ಟ್ ಮಾತ್ರ ದಕ್ಕುತ್ತದೆ. ಕಾರು ಸ್ಟೀರಿಯೊದ ಚಿಪ್ಪು ಹಾಗೆ ಮಾಡುವುದಿಲ್ಲ. ಸ್ಪೀಕರಿನ ಎರಡೂ ತುದಿಗೆ ಒಂದೊಂದು ಆಂಪ್ಲಿಫೈಯರ್ ಇಟ್ಟು, ಒಂದು ಏರುವಾಗ ಇನ್ನೊಂದು ಇಳಿಯುವಂತೆ ಮಾಡುತ್ತದೆ. ಸೇತುವೆ ಜೋಡಣೆ ಎಂದು ಕರೆಯುವ ಈ ಉಪಾಯದಿಂದ ಎರಡೂ ದಿಕ್ಕಿನಲ್ಲಿ ಪೂರ್ತಿ 14.4 ವೋಲ್ಟ್ ಸಿಗುತ್ತದೆ. ವೋಲ್ಟೇಜು ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಕಾರು ಸ್ಪೀಕರಿನ ಪ್ರತಿರೋಧ ಸಾಮಾನ್ಯವಾಗಿ 4 ಓಮ್. ಶುದ್ಧ ಸ್ವರದ ಅಲೆ ದುಂಡಗೆ ಏರಿ ದುಂಡಗೆ ಇಳಿಯುತ್ತದೆ, ಶಿಖರದಲ್ಲಿ ನಿಲ್ಲುವುದು ಅರೆಕ್ಷಣ. ಆ ಲೆಕ್ಕದಲ್ಲಿ ಪ್ರತಿ ಸ್ಪೀಕರಿಗೆ 26 ವ್ಯಾಟ್ ಆಗುತ್ತದೆ. ಚಿಪ್ಪಿನೊಳಗಿನ ನಷ್ಟ ಕಳೆದು, ಸ್ವರ ಕೆಡದ ಮಟ್ಟದಲ್ಲಿ ನಿಂತರೆ ಕೈಗೆ ಬರುವುದು 20ರ ಆಸುಪಾಸು. ಹಾಗಾದರೆ 50 ಎಲ್ಲಿಯದು? ವಾಲ್ಯೂಮನ್ನು ತುದಿಗೆ ಏರಿಸಿ, ಅಲೆಯ ತಲೆಯೂ ಬುಡವೂ ಕತ್ತರಿಸಿ ಚೌಕವಾಗುವವರೆಗೆ ನೂಕಿದಾಗಿನದು: 14.4ರ ವರ್ಗವನ್ನು 4ರಿಂದ ಭಾಗಿಸಿ, 51.8. ಅಂಕಿಯೇನೋ ಸರಿಯೇ. ಆ ಮಟ್ಟದಲ್ಲಿ ಹಾಡು ಕೇಳಲು ಆಗುವುದಿಲ್ಲ, ಅಷ್ಟೇ.

ಸೇತುವೆ ಜೋಡಣೆಗೆ ಇನ್ನೊಂದು ಪರಿಣಾಮವಿದೆ. ಸ್ಪೀಕರಿನ ಮೈನಸ್ ತಂತಿಯಲ್ಲೂ ಆಂಪ್ಲಿಫೈಯರ್ ಕೆಲಸ ಮಾಡುತ್ತಿರುತ್ತದೆ. ಹಳೆಯ ರೇಡಿಯೊಗಳ ಕಾಲದಲ್ಲಿ ಆ ತಂತಿಯನ್ನು ಕಾರಿನ ಬಾಡಿಗೆ ಕಟ್ಟುವ ರೂಢಿಯಿತ್ತು. ಈಗ ಹಾಗೆ ಮಾಡಿದರೆ ಚಿಪ್ಪಿನ ಒಂದು ತುದಿ ಶಾರ್ಟ್ ಆಗುತ್ತದೆ. ಒಳ್ಳೆಯ ಚಿಪ್ಪು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ, ಕಳಪೆಯದು ಸುಡುತ್ತದೆ. ನನ್ನನ್ನು ಕೇಳಿದರೆ, ವ್ಯಾಟಿನ ಅಂಕಿ ಹಿಡಿದು ಅಂಗಡಿಯಲ್ಲಿ ಚೌಕಾಸಿ ಮಾಡುವುದೇ ದಂಡ. ಉಳಿದ ಹಣವನ್ನು ಬಾಗಿಲ ಸ್ಪೀಕರಿಗೆ ಹಾಕಿ. ಸೂಕ್ಷ್ಮತೆ 3 ಡೆಸಿಬೆಲ್ ಹೆಚ್ಚಿರುವ ಸ್ಪೀಕರ್ ಕೊಡುವ ಸದ್ದು, ಆಂಪ್ಲಿಫೈಯರಿನ ಶಕ್ತಿಯನ್ನು ಎರಡು ಪಟ್ಟು ಮಾಡಿದ್ದಕ್ಕೆ ಸಮ.

ಸ್ಟೀರಿಂಗ್ ಮೇಲಿನ ಬಟನ್ನುಗಳು ಹೊಸ ಯುನಿಟ್ಟಿನ ಮಾತು ಕೇಳುತ್ತವೆಯೇ? ಎಲ್ಲರೂ ಕೇಳುವ ಪ್ರಶ್ನೆ. ತಿರುಗುವ ಚಕ್ರದೊಳಕ್ಕೆ ತಂತಿ ಹೋಗಬೇಕಾದರೆ, ಮೆಕ್ಯಾನಿಕ್‌ಗಳು ಕ್ಲಾಕ್ ಸ್ಪ್ರಿಂಗ್ ಎನ್ನುವ ಸುರುಳಿ ಪಟ್ಟಿಯ ಮೂಲಕವೇ ಹೋಗಬೇಕು. ಏರ್‌ಬ್ಯಾಗ್, ಹಾರ್ನ್ ಎಲ್ಲವೂ ಅದರಲ್ಲೇ. ಬಟನ್ನಿಗೊಂದು ತಂತಿ ಎಳೆಯಲು ಜಾಗವಿಲ್ಲ. ಹಾಗಾಗಿ ಹಲವು ಕಾರುಗಳಲ್ಲಿ ಎಲ್ಲ ಬಟನ್ನುಗಳಿಗೂ ಒಂದೇ ತಂತಿ, ಪ್ರತಿಯೊಂದರ ಹಿಂದೆ ಬೇರೆ ಬೇರೆ ಬೆಲೆಯ ರೆಸಿಸ್ಟರ್. ಯುನಿಟ್ಟು ಆ ತಂತಿಗೆ 1,000 ಓಮ್ ಮೂಲಕ 5 ವೋಲ್ಟ್ ಕೊಟ್ಟಿದೆ ಎನ್ನೋಣ. 1,000 ಓಮ್ ಇರುವ ಬಟನ್ ಒತ್ತಿದರೆ ತಂತಿಯ ವೋಲ್ಟೇಜು 2.5ಕ್ಕೆ ಇಳಿಯುತ್ತದೆ, 250 ಓಮಿನದನ್ನು ಒತ್ತಿದರೆ 1ಕ್ಕೆ. ಹೊಸ ಯುನಿಟ್ಟಿಗೆ ಇದನ್ನು ಕಲಿಸಬಹುದು. ಸೆಟ್ಟಿಂಗಿನಲ್ಲಿ ವಾಲ್ಯೂಮ್ ಏರಿಕೆಯ ಚಿತ್ರ ಮುಟ್ಟಿ, ಸ್ಟೀರಿಂಗ್ ಮೇಲೆ ಆ ಬಟನ್ ಒತ್ತಿ ಹಿಡಿದರೆ, ಇಂಥ ವೋಲ್ಟೇಜು ಬಂದರೆ ಇಂಥ ಕೆಲಸ ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಕನೆಕ್ಟರಿಗೆ ತುಕ್ಕು ಹಿಡಿದು ಪ್ರತಿರೋಧ ಸ್ವಲ್ಪ ಏರಿದರೆ ಹಾಡು ಬದಲಿಸಹೋದಾಗ ಫೋನ್ ಕಟ್ ಆಗುವುದೂ ಇದೇ ಕಾರಣಕ್ಕೆ.

ಇನ್ನು ಕೆಲವು ಕಾರುಗಳಲ್ಲಿ ಬಟನ್ ಒತ್ತಿದ್ದು ವೋಲ್ಟೇಜಾಗಿ ಬರುವುದೇ ಇಲ್ಲ, ಸಂದೇಶವಾಗಿ ಬರುತ್ತದೆ. ಅದು ಕ್ಯಾನ್ ಬಸ್. ಬಾಷ್ ಕಂಪನಿ 1983ರಲ್ಲಿ ಕೈಗೆತ್ತಿಕೊಂಡು 1986ರಲ್ಲಿ ಡೆಟ್ರಾಯ್ಟ್‌ನಲ್ಲಿ ಎಂಜಿನಿಯರುಗಳ ಮುಂದಿಟ್ಟ ವ್ಯವಸ್ಥೆ. ಇರುವುದು ಒಂದಕ್ಕೊಂದು ಹೆಣೆದ ಎರಡೇ ತಂತಿ. ಸುಮ್ಮನಿರುವಾಗ ಎರಡರಲ್ಲೂ 2.5 ವೋಲ್ಟ್, ಸಂದೇಶ ಹೋಗುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಹೊರಗಿನ ವಿದ್ಯುತ್ ಗದ್ದಲ ಎರಡಕ್ಕೂ ಸಮನಾಗಿ ತಾಗುವುದರಿಂದ ನಡುವಣ ಅಂತರ ಹಾಗೇ ಉಳಿಯುತ್ತದೆ, ಓದುವುದು ಆ ಅಂತರವನ್ನೇ. ಎಂಜಿನ್, ಬ್ರೇಕ್, ಬಾಗಿಲು, ಎ.ಸಿ. ಎಲ್ಲದರ ಪುಟ್ಟ ಕಂಪ್ಯೂಟರುಗಳೂ ಇಂಥ ಜೋಡಿ ತಂತಿಗೆ ತಗುಲಿಕೊಂಡಿರುತ್ತವೆ. ಯಾವ ಸಂದೇಶದ ಮೇಲೂ ವಿಳಾಸವಿರುವುದಿಲ್ಲ. ಊರಲ್ಲಿ ಡಂಗುರ ಸಾರಿದ ಹಾಗೆ, ಸುದ್ದಿ ಎಲ್ಲರ ಕಿವಿಗೂ ಬೀಳುತ್ತದೆ, ಬೇಕಾದವರು ಹಿಡಿದುಕೊಳ್ಳುತ್ತಾರೆ.

ತೊಡಕು ಏನೆಂದರೆ, ಯಾವ ಸಂಖ್ಯೆಯ ಸಂದೇಶಕ್ಕೆ ಯಾವ ಅರ್ಥ ಎನ್ನುವುದು ಕಾರು ಕಂಪನಿಯ ಒಳಗಿನ ಗುಟ್ಟು. ಅದಕ್ಕೆಂದೇ ಬೆಂಕಿಪೊಟ್ಟಣದಷ್ಟು ಪುಟ್ಟ ಡಬ್ಬಿಯೊಂದು ಬರುತ್ತದೆ, ಕ್ಯಾನ್ ಬಾಕ್ಸ್. ಕಾರಿನ ಸಂದೇಶ ಕೇಳಿ ಯುನಿಟ್ಟಿಗೆ ತಿಳಿಯುವಂತೆ ಹೇಳುವುದು ಅದರ ಕೆಲಸ. ಫೋಕ್ಸ್‌ವ್ಯಾಗನ್, ಸ್ಕೋಡಾ ಬಳಗದ ಹಲವು ಕಾರುಗಳಲ್ಲಿ ಸ್ಟೀರಿಯೊದ ಹಿಂದೆ ಕೆಂಪು ತಂತಿಯ ಕೆಲಸ ಮಾಡುವ ತಂತಿಯೇ ಇಲ್ಲ. ಕೀಲಿ ತಿರುಗಿತು ಎನ್ನುವುದೂ ಒಂದು ಸಂದೇಶ. ಅದನ್ನು ಹಿಡಿದು 12 ವೋಲ್ಟ್ ಕೊಡುವುದು ಈ ಡಬ್ಬಿಯೇ. ಅಗ್ಗದ ಡಬ್ಬಿ ಕೀಲಿ ತೆಗೆದ ಮೇಲೂ ಜಾಲವನ್ನು ಮಲಗಲು ಬಿಡದಿದ್ದರೆ ಮತ್ತೆ ಅದೇ ಸೋಮವಾರ ಬೆಳಗಿನ ಕಥೆ. ಎ.ಸಿ.ಯ ಉಷ್ಣತೆ, ಪಾರ್ಕಿಂಗ್ ಸೆನ್ಸರ್, ಕಾರಿನ ಸೆಟ್ಟಿಂಗುಗಳೆಲ್ಲ ಹಳೆಯ ಪರದೆಯಲ್ಲೇ ಇರುವಂಥ ಕಾರುಗಳಿಗೆ ಹೊಸದು ಹಾಕಿಸುವ ಆಸೆಯನ್ನೇ ಬಿಡುವುದು ಒಳ್ಳೆಯದು.

ರೇಡಿಯೊ ಕೇಳುವವರಿಗೆ ಇನ್ನೊಂದು ತಂತಿ ಮುಖ್ಯ, ನೀಲಿಯದು. ಚಾವಣಿಯ ಮೇಲಿನ ಗಿಡ್ಡ ಆಂಟೆನಾಗಳ ಬುಡದಲ್ಲಿ ಪುಟ್ಟ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ ಕರೆಂಟ್ ಹೋಗುವುದು ಇದರಿಂದ. ಇದನ್ನು ಕಟ್ಟದೆ ಬಿಟ್ಟರೆ ಎಫ್‌ಎಂ ಗೊರಗೊರ. ಸೆಟ್ಟಿಂಗಿನಲ್ಲಿ ದೇಶ ಅಮೆರಿಕ ಎಂದಿದ್ದರೆ ಬೇರೆಯೇ ತಮಾಷೆ. ಅಲ್ಲಿನ ಸ್ಟೇಷನ್ನುಗಳು 0.2 ಮೆಗಾಹರ್ಟ್ಸ್ ಅಂತರದಲ್ಲಿ, ದಶಮಾಂಶದಲ್ಲಿ ಯಾವಾಗಲೂ ಬೆಸ ಸಂಖ್ಯೆ. ಬೆಂಗಳೂರಿನಲ್ಲಿ 91.1, 98.3, 101.3 ಎಲ್ಲವೂ ಸಿಗುವುದರಿಂದ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಮೈಸೂರಿಗೆ ಹೋದರೆ ಆಕಾಶವಾಣಿಯ 100.6 ಸಿಗುವುದಿಲ್ಲ, ಟ್ಯೂನರ್ 100.5ರಿಂದ 100.7ಕ್ಕೆ ಹಾರಿಬಿಡುತ್ತದೆ. 1935ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಆರಂಭಿಸಿದ ಊರಿಗೆ ಈ ಗತಿ!

ಪರದೆಯ ವಿಷಯಕ್ಕೆ ಬಂದರೆ, ಅಂಗಡಿಯವರು ಹೊಗಳುವ ರ‍್ಯಾಮ್, ಸ್ಟೋರೇಜುಗಳಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. 2014ರಲ್ಲಿ ಆಪಲ್ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಎರಡೂ ಪ್ರಕಟವಾದ ಮೇಲೆ ಮ್ಯಾಪು, ಹಾಡು, ಕರೆ ಎಲ್ಲವನ್ನೂ ಫೋನೇ ನಡೆಸುತ್ತದೆ. ಅದು ಚಿತ್ರವನ್ನು ವಿಡಿಯೊ ಆಗಿ ಕಳಿಸುತ್ತದೆ, ಪರದೆ ತೋರಿಸುತ್ತದೆ, ಬೆರಳು ಎಲ್ಲಿ ಮುಟ್ಟಿತು ಎಂದು ತಿರುಗಿ ಹೇಳುತ್ತದೆ. ವೈರಿಲ್ಲದ ಜೋಡಣೆಯಲ್ಲಿ ಬ್ಲೂಟೂತ್ ಪರಿಚಯ ಮಾಡಿಸಿ ಹಿಂದೆ ಸರಿಯುತ್ತದೆ, ಚಿತ್ರ ಬರುವುದು ವೈಫೈಯಲ್ಲಿ. ನೋಡಬೇಕಾದದ್ದು ಮಧ್ಯಾಹ್ನದ ಬಿಸಿಲಲ್ಲಿ ಪರದೆ ಕಾಣುತ್ತದೆಯೇ, ಆಚೆ ಕಡೆಯವರಿಗೆ ನಮ್ಮ ಮಾತು ಕೇಳುತ್ತದೆಯೇ, ಮತ್ತು ವಾಲ್ಯೂಮಿಗೆ ತಿರುಗಿಸುವ ನಾಬ್ ಒಂದಾದರೂ ಇದೆಯೇ ಎಂದು. ಗಾಜನ್ನು ಸವರಿ ಸದ್ದು ತಗ್ಗಿಸಲು ಕಣ್ಣು ರಸ್ತೆ ಬಿಡಬೇಕು. ನಾಬ್ ಆದರೆ ಕೈಗೇ ಗೊತ್ತು.

ಇನ್ನು ಹ್ಯಾಂಡ್‌ಬ್ರೇಕಿನ ತಂತಿ. ಬ್ರೇಕ್ ಎಳೆದಿದ್ದಾಗ ಮಾತ್ರ ಸಿನಿಮಾ ಓಡಲಿ ಎಂದು ಕೊಟ್ಟದ್ದು. ಅದನ್ನು ಅರ್ಥಿಂಗ್‌ಗೆ ಕಟ್ಟಿ, ಓಡುವ ಕಾರಿನಲ್ಲೂ ಸಿನಿಮಾ ಬರುವಂತೆ ಮಾಡಿಕೊಡುವುದು ಅಂಗಡಿಯವರ ಉಚಿತ ಸೇವೆ, ನೀವು ಬೇಡವೆನ್ನಬೇಕು. ರಿವರ್ಸ್ ಗೇರ್ ಹಾಕಿ ಕ್ಯಾಮೆರಾ ಬರುತ್ತದೆಯೇ, ಎಡಬಲ ಕನ್ನಡಿಯಲ್ಲಿ ಕಂಡಂತೆಯೇ ಇದೆಯೇ ಎಂದು ಫ್ರೇಮು ಒತ್ತಿ ಕೂರಿಸುವ ಮುಂಚೆಯೇ ನೋಡಿ. ಕೀಲಿ ತೆಗೆದು ಅರ್ಧ ಗಂಟೆ ಬಿಟ್ಟು, ಬ್ಯಾಟರಿ ಎಷ್ಟು ಕರೆಂಟ್ ಬಿಡುತ್ತಿದೆ ಎಂದು ಮೀಟರ್ ಇಟ್ಟು ಅಳೆಸಿ. ಹಳೆಯ ಸ್ಟೀರಿಯೊವನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಕೆಲವು ಕಾರುಗಳಲ್ಲಿ ಅದು ಆ ಕಾರಿನ ಕೋಡಿಗೇ ಕಟ್ಟುಬಿದ್ದಿರುತ್ತದೆ, ಬೇರೆಯದು ತಂದರೆ ಹಾಡುವುದಿಲ್ಲ. ಅದರ ಸ್ಕ್ರೂಗಳನ್ನೂ ಒಂದು ಕವರಿನಲ್ಲಿ ಹಾಕಿಸಿಕೊಂಡು ಬನ್ನಿ.