ಲಿಂಗಸುಗೂರು ಸೀಮೆಯ ಕೌದಿ ಮತ್ತು ದಾರಚಿತ್ರ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಪ್ರದೇಶವನ್ನು ನಮ್ಮ ಶಾಸನಗಳು ಎಡೆದೊರೆನಾಡೆಂದು ಕರೆದಿವೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳು ಈ ನಾಡಿಗೆ ಸೇರಿದುವು. ಈ ಸೀಮೆಯನ್ನು ಕುರಿತು ಬರೆದವರು ಮುದಗಲ್ಲಿನ ಕೋಟೆಯನ್ನು ಬಣ್ಣಿಸಿದ್ದಾರೆ. ಹಟ್ಟಿಯ ಚಿನ್ನದ ಗಣಿಯನ್ನು ವಿವರಿಸಿದ್ದಾರೆ. ೧೯೧೫ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನಂತೂ ಹಲವು ಬಗೆಯಾಗಿ ಚರ್ಚಿಸಿದ್ದಾರೆ. ಆದರೆ ಅವೇ ಊರುಗಳ ಮನೆಗಳಲ್ಲಿ ಮೂಲೆಗೆ ಮಡಿಸಿಟ್ಟ ಕೌದಿಯನ್ನು ವಿದ್ವಾಂಸರು ಬಿಚ್ಚಿ ನೋಡಿದ್ದು ಕಡಮೆ. ಹಾಸುವ, ಹೊದೆಯುವ ವಸ್ತುವಿನಲ್ಲಿ ವಿಚಾರಮಾಡತಕ್ಕದ್ದೇನಿದೆ ಎಂಬ ಉದಾಸೀನವೇ ಇದಕ್ಕೆ ಕಾರಣವಿರಬೇಕು.

ಈಗ ಈ ಉದಾಸೀನವನ್ನು ಮುರಿಯುವಂಥ ಸಂದರ್ಭ ಒದಗಿದೆ. ದಾರವನ್ನೇ ಬಣ್ಣವಾಗಿಯೂ ಸೂಜಿಯನ್ನೇ ಕುಂಚವಾಗಿಯೂ ಬಳಸಿ, ಬಟ್ಟೆಯ ಮೇಲೆ ಹೂವು, ಹಕ್ಕಿ, ಮುಖ, ನಿಸರ್ಗದೃಶ್ಯಗಳನ್ನು ಮೂಡಿಸುವ ಕಲೆಯೊಂದು ಪಾಶ್ಚಾತ್ಯ ದೇಶಗಳಲ್ಲಿ ಬಹುವಾಗಿ ಬೆಳೆದಿದೆ. ಇದನ್ನು ಇಲ್ಲಿ ದಾರಚಿತ್ರವೆಂದು ಕರೆಯೋಣ. ಇಂಥ ಚಿತ್ರವನ್ನು ಹೊತ್ತು, ಹೊದೆಯುವುದಕ್ಕಲ್ಲದೆ ಗೋಡೆಗೆ ತೂಗುಹಾಕುವುದಕ್ಕಾಗಿಯೇ ಸಿದ್ಧವಾಗುವ ಪದರುಬಟ್ಟೆಯನ್ನು ಕಲಾಕೌದಿ ಎನ್ನಬಹುದು. ನಮ್ಮ ವಿದ್ಯಾರ್ಥಿಗಳೂ ಈ ಮಾರ್ಗದಲ್ಲಿ ಆಸಕ್ತಿ ತಳೆಯುವುದು ಸಹಜ. ಹಾಗೆ ತಳೆಯುವ ಮುನ್ನ ಒಂದು ಪ್ರಶ್ನೆಯನ್ನು ಇತ್ಯರ್ಥಪಡಿಸಿಕೊಳ್ಳಬೇಕು: ದಾರಚಿತ್ರವು ಕೌದಿಯ ಸ್ವಭಾವಕ್ಕೆ ಒಗ್ಗತಕ್ಕದ್ದೆ, ಅಥವಾ ಅದರ ಮೇಲೆ ಹೊರಿಸಿದ ಹೊರೆಯೆ? ಇದನ್ನು ತೀರ್ಮಾನಿಸಲು ಕೌದಿಯಲ್ಲಿ ಹೊಲಿಗೆ ಏನು ಕೆಲಸ ಮಾಡುತ್ತದೆಂಬುದನ್ನು ಮೊದಲು ತಿಳಿಯಬೇಕು.

ಕೌದಿಗೆ ಹೊಸ ಬಟ್ಟೆ ಸಲ್ಲದು. ಉಟ್ಟು, ಒಗೆದು, ಮೆತ್ತಗಾದ ಸೀರೆ ಧೋತರಗಳೇ ಅದರ ಸಾಮಗ್ರಿ. ಇದು ಬಡತನದ ಲಕ್ಷಣವಷ್ಟೇ ಅಲ್ಲ. ಹಲವು ಸಲ ನೀರುಂಡ ಅರಿವೆ ಕುಗ್ಗುವಷ್ಟು ಮೊದಲೇ ಕುಗ್ಗಿರುವುದರಿಂದ, ಹೊಲಿದ ಮೇಲೆ ಪದರುಗಳು ಒಂದನ್ನೊಂದು ಜಗ್ಗುವುದಿಲ್ಲ. ಹಳೆಯ ಸೀರೆಗಳನ್ನು ಎರಡು ಮೂರು ಪದರಾಗಿ ಹರವಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ಸೂಜಿಯಿಂದಲೂ ಹತ್ತಿಯ ದಾರದಿಂದಲೂ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಲುಸಾಲಾಗಿ ಹೊಲಿಯುತ್ತಾರೆ. ಸಾಲಿಗೂ ಸಾಲಿಗೂ ಅಂತರ ಹೆಚ್ಚೆಂದರೆ ಒಂದೆರಡು ಬೆರಳು. ಅಳತೆಗೋಲಿಲ್ಲ, ಸೀಮೆಸುಣ್ಣದ ಗೆರೆಯಿಲ್ಲ; ಹಿಂದಿನ ಸಾಲೇ ಮುಂದಿನ ಸಾಲಿಗೆ ದಾರಿ. ಕೆಲವು ಮನೆಗಳಲ್ಲಿ ಮನೆಯ ಹೆಂಗಸರೇ ಮಧ್ಯಾಹ್ನದ ಬಿಡುವಿನಲ್ಲಿ ನೆರೆಯವರೊಡನೆ ಸುತ್ತ ಕುಳಿತು ಹೊಲಿಯುತ್ತಾರೆ. ಕೂಲಿಗಾಗಿ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರೂ ಉತ್ತರ ಕರ್ನಾಟಕದಲ್ಲಿ ಉಂಟು. ಸವೆದ ಕೌದಿಯನ್ನು ಎಸೆಯದೆ ಹೊಸ ಕೌದಿಯ ಒಡಲಿಗೆ ಇಟ್ಟು ಹೊಲಿಯುವುದೂ ಉಂಟು. ಹಳೆಯ ಕೌದಿಗಳು ನಮಗೆ ದೊರೆಯದಿರುವುದಕ್ಕೆ ಇದೂ ಒಂದು ಕಾರಣ. ಅಜ್ಜಿಯ ಕೌದಿ ಮೊಮ್ಮಗಳ ಕೌದಿಯೊಳಗೆ ಕಾಣದಂತೆ ಅಡಗಿರುತ್ತದೆ.

ತುಂಡುಗಳಲ್ಲಿ ಈ ಸೀಮೆಯ ನೇಯ್ಗೆಯ ಚರಿತ್ರೆಯೇ ಇದೆಯೆಂದರೆ ಅತಿಶಯೋಕ್ತಿಯಾಗದು. ಪಶ್ಚಿಮಕ್ಕೆ ಇಳಕಲ್ಲು ಇದೆ, ಅದರಾಚೆ ಗುಳೇದಗುಡ್ಡವಿದೆ. ಇಳಕಲ್ಲು ಸೀರೆಯ ತೋಪುತೆನೆಯ ಸೆರಗು, ಗುಳೇದಗುಡ್ಡದ ಖಣದ ಕುಪ್ಪಸದಿಂದ ಉಳಿದ ಮುಕ್ಕೋನ, ಗಂಡಸರ ಧೋತರದ ಬಿಳುಪು ಇವೆಲ್ಲ ಒಂದೇ ಹಾಸಿನಲ್ಲಿ ನೆರೆಹೊರೆಯಾಗಿ ಕೂಡುತ್ತವೆ. ಯಾವ ತುಂಡು ಯಾರ ಮದುವೆಯ ಸೀರೆಯದು, ಯಾವುದು ತೀರಿಹೋದ ಅತ್ತೆಯದು ಎಂಬುದು ಹೊಲಿದವಳಿಗೆ ಗೊತ್ತಿರುತ್ತದೆ. ಅವಳ ನಂತರ ಅದು ಬರಿಯ ಬಣ್ಣದ ಚೌಕವಾಗಿ ಉಳಿಯುತ್ತದೆ.

ಈಗ ಹೊಲಿಗೆಯ ವಿಚಾರ. ಕೌದಿಯಲ್ಲಿ ದಾರವು ಅಲಂಕಾರವಲ್ಲ, ಆಧಾರ. ಅದನ್ನು ಬಿಚ್ಚಿದರೆ ಕೌದಿಯೆಂಬುದೇ ಇಲ್ಲ. ಚಿಂದಿಯ ರಾಶಿ ಮಾತ್ರ ಉಳಿಯುತ್ತದೆ. ಹೀಗಿದ್ದರೂ ಆ ಆಧಾರವೇ ಇನ್ನೊಂದು ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ದಾರವು ಪದರುಗಳನ್ನು ಕೆಳಕ್ಕೆಳೆದ ಕಡೆ ತಗ್ಗು, ಎರಡು ಸಾಲುಗಳ ನಡುವೆ ಉಬ್ಬು. ಬೆಳಗಿನ ಓರೆಬಿಸಿಲಿಗೆ ಕೌದಿಯನ್ನು ಹರವಿದಾಗ ನೋಡಿರಿ: ಉತ್ತ ಎರೆಹೊಲದಂತೆ ನೆರಳಿನ ಗೆರೆಗಳು ಅದರ ಮೇಲೆಲ್ಲ ಏಳುತ್ತವೆ. ಬಣ್ಣ ತುಂಡುಗಳದು, ರೇಖೆ ದಾರದ್ದು. ಕೌದಿಯ ಹೊಲಿಗೆ ಬಣ್ಣ ಬಳಿಯುವುದಿಲ್ಲ, ಗೆರೆ ಎಳೆಯುತ್ತದೆ.

ಹೊಲದ ಹೋಲಿಕೆ ನಮ್ಮ ಕಲ್ಪನೆಯಷ್ಟೇ ಅಲ್ಲ. ಬೌದ್ಧರ ವಿನಯಪಿಟಕದಲ್ಲಿ, ಬುದ್ಧನು ಮಗಧದ ಬದುಗಳಿಂದ ವಿಭಾಗಗೊಂಡ ಗದ್ದೆಗಳನ್ನು ತೋರಿಸಿ, ಭಿಕ್ಷುಗಳ ಚೀವರವನ್ನು ಅದೇ ಮಾದರಿಯಲ್ಲಿ ತುಂಡುಗೂಡಿಸಿ ಹೊಲಿಯಬಹುದೆ ಎಂದು ಆನಂದನನ್ನು ಕೇಳಿದ ಪ್ರಸಂಗವಿದೆ. ಅಶೋಕನ ಕಾಲದಲ್ಲಿ ಮಸ್ಕಿಯ ದಾರಿಯಾಗಿ ಭಿಕ್ಷುಗಳು ನಡೆದಿದ್ದರೆ, ತೇಪೆಯ ಅರಿವೆಯನ್ನು ಹೊದ್ದೇ ನಡೆದಿರಬೇಕು. ಮುಂದೆ ನಮ್ಮ ವಿರಕ್ತರ ಕಂಥೆ, ಬೊಂತೆಗಳಲ್ಲಿ ಇದೇ ತೇಪೆಯ ಬಟ್ಟೆ ಕಾಣುತ್ತದೆ. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರು ಬಂದುದು ಬೊಂತೆಯಿಂದಲೇ ಎಂದು ಪ್ರತೀತಿ. ಉಟ್ಟುದನ್ನೂ ದಾನಮಾಡಿದ ಆಕೆಗೆ ಶಿವನು ಬೊಂತೆಯನ್ನು ಕೊಟ್ಟನೆಂದು ಕಥೆ. ನೆರೆಯ ತೆಲುಗಿನಲ್ಲಿ ಇಂದಿಗೂ ಕೌದಿಗೆ ಬೊಂತ ಎನ್ನುತ್ತಾರೆ. ಕಂಥೆಯಾದರೋ ಸಂಸ್ಕೃತದ ಕಂಥಾ; ಬಂಗಾಳದ ಪ್ರಸಿದ್ಧ ಕಾಂಥಾ ಎಂಬ ಕಸೂತಿಯ ಹೊದಿಕೆಗೂ ಇದೇ ಹೆಸರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿವೆ. ಕಾಂಥಾದ ತವರಿನವರೂ ಕೌದಿಯ ತವರಿನವರೂ ಹೀಗೆ ಒಂದೇ ಸಂತೆಗೆ ಬರುವಂತಾದುದು ಕುತೂಹಲಕರ.

ಕಾಂಥಾದ ಪ್ರಸ್ತಾಪ ಇಲ್ಲಿ ಆಕಸ್ಮಿಕವಲ್ಲ. ಅದೂ ಹಳೆಯ ಸೀರೆ ಧೋತರಗಳ ಪದರೇ. ಹೊಲಿಗೆಯೂ ಕೌದಿಯ ಹೊಲಿಗೆಯೇ, ಎಂದರೆ ಸೂಜಿ ಮೇಲೆ ಕೆಳಗೆ ಹಾಯುತ್ತ ಸಾಗುವ ಸಾದಾ ಹೊಲಿಗೆ. ಸೀರೆಯ ಅಂಚಿನಿಂದ ಬಿಡಿಸಿಕೊಂಡ ಬಣ್ಣದ ಎಳೆಗಳಿಂದ ಬಂಗಾಳದ ಹೆಂಗಸರು ಕಮಲ, ಆನೆ, ರಥ, ಸವಾರರನ್ನು ಹೊಲಿದರು. ಚಿತ್ರದ ಸುತ್ತಣ ಬಯಲನ್ನು ಬಿಳಿಯ ದಾರದಿಂದ ತುಂಬಿದರು. ಪದರನ್ನು ಹಿಡಿಯುವ ಹೊಲಿಗೆಯೇ ಅಲ್ಲಿ ಚಿತ್ರವನ್ನೂ ಬಿಡಿಸಿತು. ಆಧಾರವೂ ಆಕೃತಿಯೂ ಒಂದೇ ದಾರದಲ್ಲಿ ಕೂಡಬಲ್ಲುವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ನಮ್ಮ ನಾಡಿನ ಇತರ ಹೊಲಿಗೆಗಳನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಧಾರವಾಡ ಸೀಮೆಯ ಕಸೂತಿ ಎಳೆ ಎಣಿಸಿ ಮಾಡುವಂಥದು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ತೇರು, ಗೋಪುರ, ನವಿಲುಗಳು ಮೂಡುತ್ತವೆ. ನೇಯ್ಗೆಯ ಚೌಕಟ್ಟನ್ನು ಅದು ಮೀರುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ತಾಂಡಾಗಳ ಲಂಬಾಣಿ ಹೆಂಗಸರ ಫೇಟಿಯಾ, ಕಾಂಚಳಿಗಳಲ್ಲಿ ಕನ್ನಡಿಯೂ ಕವಡೆಯೂ ದಾರಕ್ಕೆ ಜೊತೆಯಾಗುತ್ತವೆ. ೨೦೨೩ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-೨೦ ಸಭೆ ನೆರೆದಾಗ ಸುಮಾರು ೪೫೦ ಮಂದಿ ಲಂಬಾಣಿ ಹೆಂಗಸರು ಹೊಲಿದ ೧೭೫೫ ಕಸೂತಿಯ ತುಂಡುಗಳ ಪ್ರದರ್ಶನ ವಿಶ್ವದಾಖಲೆಯೆನಿಸಿತು. ಉತ್ತರ ಕನ್ನಡದ ಸಿದ್ದಿಯರ ಕೌದಿಯದು ಬೇರೆಯೇ ಕ್ರಮ: ಅಂಚಿನಿಂದ ಆರಂಭಿಸಿ, ತುಂಡಿಗೆ ತುಂಡು ಸೇರಿಸುತ್ತ, ಸುತ್ತುಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ, ಮೂಲೆಗಳಲ್ಲಿ ಮಡಿಸಿದ ಪುಟ್ಟ ಹೂಗಳನ್ನಿಡುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಾಲ್ ಇವನ್ನು ಅಭ್ಯಸಿಸಿ ಪರದೇಶಗಳಲ್ಲಿ ಪ್ರದರ್ಶಿಸಿದರು. ಎಡೆದೊರೆಯ ಕೌದಿಗೆ ಅಂಥ ಭಾಗ್ಯ ಬಂದಿಲ್ಲ.

ಇನ್ನು ದಾರಚಿತ್ರ. ಸೂಜಿಯಿಂದ ಚಿತ್ರಿಸುವುದು ಎಂಬ ಮಾತು ಪ್ರಾಚೀನ ರೋಮನರ ಭಾಷೆಯಲ್ಲಿಯೇ ಕಸೂತಿಗೆ ಪರ್ಯಾಯವಾಗಿತ್ತು. ಚೀನದ ಸೂಚೌ ಪಟ್ಟಣದ ರೇಷ್ಮೆಯ ಕಸೂತಿ ಈ ಕಲೆಯ ಒಂದು ಶಿಖರ. ಇಂಗ್ಲೆಂಡಿನಲ್ಲಿ ಮೇರಿ ಲಿನ್‌ವುಡ್ (೧೭೫೫–೧೮೪೫) ಎಂಬಾಕೆ ದೊಡ್ಡ ಕಲಾವಿದರ ತೈಲಚಿತ್ರಗಳನ್ನು ಉಣ್ಣೆಯ ದಾರದಲ್ಲಿ ನಕಲುಮಾಡಿ ಲಂಡನ್ನಿನಲ್ಲಿ ಬಹುಕಾಲ ಪ್ರದರ್ಶಿಸಿದಳು. ಜನ ಮುಗಿಬಿದ್ದು ನೋಡಿದರು. ಆಕೆ ತೀರಿಕೊಂಡ ಮೇಲೆ ಅವು ಅತ್ಯಲ್ಪ ಬೆಲೆಗೆ ಹರಾಜಾದುವು. ದಾರವು ದಾರವೆಂದು ತೋರದೆ ತೈಲವರ್ಣವೆಂದು ತೋರಬೇಕೆಂಬುದೇ ಗುರಿಯಾದಾಗ, ಬೆರಗು ತೀರಿದೊಡನೆ ಬೆಲೆಯೂ ತೀರುತ್ತದೆ ಎಂದು ನನ್ನ ಅಭಿಪ್ರಾಯ.

ಇಂದಿನ ದಾರಚಿತ್ರ ಬಹುಮಟ್ಟಿಗೆ ಹೊಲಿಗೆ ಯಂತ್ರದ್ದು. ಇದಕ್ಕೆ ವಿಶೇಷ ಯಂತ್ರ ಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಸಿಂಗರ್ ಕಂಪನಿ ಕಾಲಿನಿಂದ ತುಳಿಯುವ ಸಾಧಾರಣ ಯಂತ್ರದಲ್ಲಿ ಕಸೂತಿ ಮಾಡುವುದನ್ನು ಕಲಿಸುವ ಪುಸ್ತಕವನ್ನು ಪ್ರಕಟಿಸಿತ್ತು. ಸೂಜಿಯ ಕೆಳಗೆ ಬಟ್ಟೆಯನ್ನು ಮುಂದಕ್ಕೆ ನೂಕುವ ಹಲ್ಲುಗಳಿರುತ್ತವಷ್ಟೆ. ಅವನ್ನು ತಗ್ಗಿಸಿದರೆ ಅಥವಾ ಮುಚ್ಚಿದರೆ ಬಟ್ಟೆ ತಾನಾಗಿ ಚಲಿಸದು. ಬಟ್ಟೆಯನ್ನು ಬಳೆಯಂಥ ರಿಂಗಿನಲ್ಲಿ ಬಿಗಿದು ಕೈಯಿಂದ ಬೇಕಾದತ್ತ ಸರಿಸಿದರೆ ಹೊಲಿಗೆ ಆ ಕಡೆಗೆ ಸಾಗುತ್ತದೆ. ಚಿತ್ರಕಾರನಿಗೆ ಕಾಗದ ನಿಂತಿರುತ್ತದೆ, ಕುಂಚ ಓಡುತ್ತದೆ. ಇಲ್ಲಿ ಕುಂಚ ನಿಂತಲ್ಲಿಯೇ ಏಳುತ್ತ ಬೀಳುತ್ತ ಇರುತ್ತದೆ, ಕಾಗದವೇ ಓಡಬೇಕು. ಹೊಲಿಗೆಯ ಉದ್ದವನ್ನು ಯಂತ್ರ ಗೊತ್ತುಮಾಡುವುದಿಲ್ಲ. ಕಾಲಿನ ವೇಗಕ್ಕೂ ಕೈಯ ವೇಗಕ್ಕೂ ಇರುವ ಹೊಂದಾಣಿಕೆ ಗೊತ್ತುಮಾಡುತ್ತದೆ. ಕೈ ನಿಧಾನಿಸಿದರೆ ದಾರ ಒಂದೆಡೆ ಗುಡ್ಡೆಯಾಗುತ್ತದೆ. ಒಮ್ಮೆಗೆ ಜಗ್ಗಿದರೆ ಸೂಜಿ ಮುರಿಯುತ್ತದೆ.

ಬಣ್ಣಗಳನ್ನು ಇಲ್ಲಿ ಕಲಸಲಾಗುವುದಿಲ್ಲ. ಕೆಂಪಿನ ಸಾಲುಗಳ ನಡುವೆ ಕಿತ್ತಳೆಯ ಸಾಲುಗಳನ್ನು ಉದ್ದ ಗಿಡ್ಡವಾಗಿ ಹೆಣೆದರೆ, ದೂರದಿಂದ ನೋಡುವವರ ಕಣ್ಣೇ ಎರಡನ್ನೂ ಬೆರೆಸಿಕೊಳ್ಳುತ್ತದೆ. ಹೊಲಿಗೆಯ ದಿಕ್ಕು ವಸ್ತು ಬೆಳೆದ ದಿಕ್ಕನ್ನು ಅನುಸರಿಸಬೇಕು: ಗರಿಯಾದರೆ ದಂಟಿನಿಂದ ಹೊರಕ್ಕೆ, ಎಸಳಾದರೆ ತೊಟ್ಟಿನಿಂದ ತುದಿಗೆ. ದಿಕ್ಕು ತಪ್ಪಿದರೆ ಬಣ್ಣ ಸರಿಯಿದ್ದರೂ ಹಕ್ಕಿ ಸತ್ತಂತೆ ತೋರುತ್ತದೆ.

ಇಂಥ ಚಿತ್ರವನ್ನು ಕೌದಿಯ ಮೇಲೆ ತರುವಾಗ ತೊಡಕು ಕಾಣಿಸಿಕೊಳ್ಳುತ್ತದೆ. ದಾರ ಒತ್ತಾಗಿ ಬಿದ್ದ ಕಡೆ ಬಟ್ಟೆ ಸೆಳೆದುಕೊಂಡು ಕುಗ್ಗುತ್ತದೆ. ಬಿಡುವಾದ ಕಡೆ ಹಾಗೆಯೇ ಉಳಿಯುತ್ತದೆ. ಫಲವಾಗಿ ನಡುವೆ ಸುಕ್ಕು, ಅಂಚಿನಲ್ಲಿ ಅಲೆ. ಎಲ್ಲ ಪದರುಗಳನ್ನೂ ಹಾಯ್ದು ಒತ್ತಾಗಿ ಹೊಲಿದರೆ ಉಬ್ಬು ತಗ್ಗುಗಳು ನಾಶವಾಗಿ ಆ ಭಾಗ ರಟ್ಟಿನಂತೆ ಗಡುಸಾಗುತ್ತದೆ. ಕೌದಿಯ ಪ್ರಾಣವಾದ ಮೆತುವೂ ನೆರಳಿನ ರೇಖೆಯೂ ಎರಡೂ ಅಲ್ಲಿ ಹೋದುವು. ಆದುದರಿಂದ ಅನುಭವಸ್ಥರು ಮೇಲಿನ ಅರಿವೆಯೊಂದಕ್ಕೇ ಗಟ್ಟಿಯಾದ ಆಸರೆಬಟ್ಟೆಯನ್ನು ಹಿಂಬದಿಗಿಟ್ಟು ಚಿತ್ರವನ್ನು ಮೊದಲು ಮುಗಿಸುತ್ತಾರೆ. ಬಳಿಕ ಒಳಪದರುಗಳನ್ನು ಸೇರಿಸಿ, ಚಿತ್ರದ ಸುತ್ತ ಬಿಡಿಯಾದ ಸಾಲುಗಳನ್ನು ಹೊಲಿಯುತ್ತಾರೆ. ಆಗ ಚಿತ್ರ ಉಬ್ಬಿ ಮುಂದೆ ಬರುತ್ತದೆ, ಬಯಲು ಹಿಂದೆ ಸರಿಯುತ್ತದೆ.

ನಮ್ಮ ವಿದ್ಯಾರ್ಥಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದೆಂದು ತೋರುತ್ತದೆ. ಕೌದಿಯಲ್ಲಿ ರೇಖೆ ಮೊದಲೇ ಇದೆ. ಸಾಲುಗಳು ನೇರವಾಗಿಯೇ ಸಾಗಬೇಕೆಂಬ ನಿಯಮವೇನೂ ಇಲ್ಲ. ಅವು ಕೃಷ್ಣೆಯ ಹರಿವಿನಂತೆ ಬಾಗಲಿ, ಮುದಗಲ್ಲಿನ ಬಂಡೆಗಳನ್ನು ಬಳಸಿ ಬರಲಿ. ದಾರದ ಬಣ್ಣ ತುಂಡಿನಿಂದ ತುಂಡಿಗೆ ಬದಲಾಗಲಿ. ತೈಲಚಿತ್ರದ ನಕಲನ್ನು ಕೌದಿಗೆ ಅಂಟಿಸುವುದಕ್ಕಿಂತ, ಹಿಡಿಯುವ ಹೊಲಿಗೆಗೇ ಬಿಡಿಸುವುದನ್ನು ಕಲಿಸುವುದು ಮೇಲು. ಯಂತ್ರದ ದಾರಚಿತ್ರ ಬೇಕಾದರೆ ಒಂದು ಹಕ್ಕಿಗೆ, ಒಂದು ಮುಖಕ್ಕೆ ಮೀಸಲಾಗಿರಲಿ.

ಕೌದಿಯನ್ನು ಕಲೆಯೆಂದು ಕರೆಯಬಹುದೆ ಎಂಬ ಸಂದೇಹ ಕೆಲವರಿಗಿದೆ. ೧೯೭೧ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯವು ಅಮೆರಿಕದ ಹಳೆಯ ಕೌದಿಗಳನ್ನು ಗೋಡೆಗೆ ತೂಗುಹಾಕಿ ಪ್ರದರ್ಶಿಸಿದಾಗ ವಿಮರ್ಶಕರು ಅವನ್ನು ಆಧುನಿಕ ಚಿತ್ರಕಲೆಯೊಡನೆ ಹೋಲಿಸಿದರು. ಹಾಸಿಗೆಯಿಂದ ಗೋಡೆಗೆ ಏರಿದ್ದೇ ತಡ, ಕಣ್ಣು ಬದಲಾಯಿತು. ಆದರೆ ಹೊಲಿದವರ ಮಾತು ಇಲ್ಲದಿದ್ದರೆ ಕಣ್ಣಿಗೆ ಎಷ್ಟು ತಿಳಿದೀತು? ಜಾರ್ಜಿಯಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಎಂಬಾಕೆ ಬೈಬಲಿನ ಕಥೆಗಳನ್ನು ಬಟ್ಟೆಯ ತುಂಡುಗಳಿಂದ ಕೌದಿಯ ಮೇಲೆ ಚಿತ್ರಿಸಿದಳು. ಬಡತನದಿಂದಾಗಿ ಅದನ್ನು ಐದು ಡಾಲರಿಗೆ ಮಾರಬೇಕಾಯಿತು. ಕೊಂಡ ಹೆಂಗಸು ಒಂದೊಂದು ಚೌಕದ ಅರ್ಥವನ್ನೂ ಹೊಲಿದವಳ ಬಾಯಿಂದಲೇ ಕೇಳಿ ಬರೆದಿಟ್ಟಳು. ಇಂದು ಆ ಕೌದಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ; ಅದನ್ನು ನಾವು ಓದಬಲ್ಲೆವಾದರೆ ಆ ಬರಹದಿಂದ.

ನಮ್ಮಲ್ಲಿ ಈ ಬರಹಕ್ಕೆ ಕಾಲ ಮೀರುತ್ತಿದೆ. ಗಿರಣಿಯ ರಗ್ಗುಗಳು ಅಗ್ಗವಾಗಿ ಸಿಗುತ್ತವೆ. ನಿತ್ಯ ಉಡುವ ಸೀರೆಗಳಲ್ಲಿ ಹತ್ತಿಯ ಜಾಗವನ್ನು ಕೃತಕ ನೂಲು ಬಹುವಾಗಿ ಆಕ್ರಮಿಸಿದೆ. ಅಂಥ ಅರಿವೆ ಜಾರುತ್ತದೆ, ಬೆವರು ಹೀರುವುದಿಲ್ಲ, ಕೌದಿಗೆ ಒದಗುವುದಿಲ್ಲ. ಕೌದಿಯನ್ನು ಸಂಗ್ರಹಿಸಹೊರಡುವ ವಿದ್ಯಾರ್ಥಿ ಅಳತೆ, ಬಣ್ಣ, ಹೊಲಿಗೆಯ ಅಂತರಗಳನ್ನು ಆಮೇಲೆ ಬರೆದುಕೊಂಡರೂ ನಡೆದೀತು. ಅವು ಬಟ್ಟೆಯಲ್ಲಿಯೇ ಇರುತ್ತವೆ. ಮೊದಲು ಹೊಲಿದ ತಾಯಿಯ ಪಕ್ಕದಲ್ಲಿ ಕುಳಿತು, ಕೌದಿಯನ್ನು ಒಂದು ಮೂಲೆಯಿಂದ ಬಿಚ್ಚುತ್ತ, "ಇದು ಯಾರ ಸೀರೀದವ್ವಾ?" ಎಂದು ತುಂಡುತುಂಡಿಗೂ ಕೇಳಬೇಕು. ಆಕೆ ಹೇಳಿದ ಹೆಸರುಗಳನ್ನು ಆಕೆಯ ಹೆಸರಿನೊಡನೆ, ಊರು, ತೇದಿ ಸಹಿತ, ಒಂದು ಬಿಳಿಯ ಅರಿವೆಯ ಮೇಲೆ ಬರೆದು ಅದೇ ಕೌದಿಯ ಹಿಂಬದಿಗೆ ಹೊಲಿಸಬೇಕು.